ಹಳೇ ಪುಟ್ಟ ಡಿಜಿಟಲ್ ಕ್ಯಾಮೆರಾ ತಗೊಳ್ಳೋ ಮುಂಚೆ: ಇಟ್ಕೊಂಡಿದ್ದವರ ಮಾತು ಹೇಗೆ ಕೇಳೋದು, ಕೈಯಲ್ಲಿ ಹಿಡಿದು ಏನೇನು ನೋಡೋದು

ಈಗೊಂದೆರಡು ಮೂರು ವರ್ಷದಿಂದ ಪುಟ್ಟ ಡಿಜಿಟಲ್ ಕ್ಯಾಮೆರಾಗಳಿಗೆ ಮತ್ತೆ ಜೀವ ಬಂದಿದೆ. ಬೀರೂಲಿ ಸೀರೆಗಳ ಕೆಳಗೆ ಮಲಗಿದ್ದ ಅಪ್ಪನ ಕ್ಯಾನನ್ ಪವರ್‌ಶಾಟು, ಚಿಕ್ಕಪ್ಪ ದುಬೈನಿಂದ ತಂದಿದ್ದ ಸೋನಿ ಸೈಬರ್‌ಶಾಟು ಎಲ್ಲಾ ಆಚೆ ಬರ್ತಿದೆ, ಮನೇಲಿ ಇಲ್ದವ್ರು ಓಎಲ್‌ಎಕ್ಸಲ್ಲೋ ಇನ್‌ಸ್ಟಾಗ್ರಾಮ್ ಸೆಲ್ಲರ್‌ಗಳ ಹತ್ರನೋ ಬೆಂಗಳೂರಿನ ಸಂಡೇ ಬಜಾರಲ್ಲೋ ಹುಡುಕ್ತಿದಾರೆ. ಎಲ್ರೂ ಕೇಳೋ ಮೊದಲ್ನೇ ಪ್ರಶ್ನೆ ಒಂದೇ, "ಯಾವ ಮಾಡೆಲ್ ತಗೊಳ್ಲಿ?" ನನ್ನ ಪ್ರಕಾರ ಅದು ಎರಡನೇ ಪ್ರಶ್ನೆ. ಫೋಟೋ ಹೇಗೆ ಬರುತ್ತೆ ಅನ್ನೋದು ಹತ್ತು ನಿಮಿಷ ಕೈಯಲ್ಲಿ ಹಿಡಿದ್ರೆ ಗೊತ್ತಾಗುತ್ತೆ, ಆದ್ರೆ ಅದು ಬಾಳಿಕೆ ಬರುತ್ತಾ, ಎಲ್ಲಿ ಕೈ ಕೊಡುತ್ತೆ ಅನ್ನೋದು ಅದನ್ನ ವರ್ಷಗಟ್ಲೆ ಇಟ್ಕೊಂಡಿದ್ದವರಿಗೆ ಮಾತ್ರ ಗೊತ್ತಿರುತ್ತೆ. ಅದಕ್ಕೇ ಈ ಲೇಖನ ಅವ್ರ ಮಾತಿಂದ್ಲೇ ಶುರು ಮಾಡ್ತೀನಿ.

ಹೆಜ್ಜೆ 1: ಇಟ್ಕೊಂಡವರ ಅನುಭವ ಓದೋದು ಹೇಗೆ

ಕೊಂಡ ವಾರದಲ್ಲೇ ಬರೆದ ರಿವ್ಯೂಗಳನ್ನ ಪಕ್ಕಕ್ಕಿಡಿ. "ಪ್ಯಾಕಿಂಗ್ ಸೂಪರ್, ಡೆಲಿವರಿ ಫಾಸ್ಟ್" ಅನ್ನೋದ್ರಿಂದ ನಿಮಗೇನೂ ಆಗಬೇಕಾಗಿಲ್ಲ. ವರ್ಷ ಆದ್ಮೇಲೆ, ಎರಡು ಮಳೆಗಾಲ ಕಳೆದ್ಮೇಲೆ, ವಾರಂಟಿ ಮುಗಿದ್ಮೇಲೆ ಬರೆದವ್ರ ಮಾತು ಹುಡುಕಿ.

ಆಮೇಲೆ ಕಂಪ್ಲೇಂಟನ್ನ ಎರಡು ಭಾಗ ಮಾಡ್ಕೊಳ್ಳಿ. "ರಾತ್ರಿ ಫೋಟೋ ಚೆನ್ನಾಗಿ ಬರಲ್ಲ, ಮದುವೆ ಹಾಲ್‌ನಲ್ಲಿ ಮಸುಕು ಬರುತ್ತೆ" ಅಂತ ಬರೆದಿದ್ರೆ ಅದು ಕೆಟ್ಟಿರೋ ಕ್ಯಾಮೆರಾ ಅಲ್ಲ, ಸಣ್ಣ ಸೆನ್ಸರ್ (ಬೆಳಕನ್ನ ಹಿಡಿದು ಚಿತ್ರ ಮಾಡೋ ಚಿಪ್) ಇರೋ ಎಲ್ಲಾ ಕ್ಯಾಮೆರಾದ್ದೂ ಅದೇ ಕಥೆ. "ಆನ್ ಮಾಡಿದ್ರೆ ಲೆನ್ಸ್ ಅರ್ಧಕ್ಕೆ ಬಂದು ನಿಂತು ಬೀಪ್ ಬೀಪ್ ಅಂತ ಆಫ್ ಆಗುತ್ತೆ" ಅಂತಿದ್ರೆ ಅದು ನಿಜವಾದ ರಿಪೇರಿ ವಿಷಯ. ಒಬ್ರು ಹೇಳಿದ್ರೆ ಅವ್ರ ಕ್ಯಾಮೆರಾ ಕೆಳಗೆ ಬಿದ್ದಿರಬಹುದು, ಆದ್ರೆ ಒಬ್ರಿಗೊಬ್ರು ಸಂಬಂಧವೇ ಇಲ್ಲದ ನಾಲ್ಕೈದು ಜನ ಅದೇ ಮಾಡೆಲ್‌ಗೆ ಅದೇ ಲಕ್ಷಣ ಹೇಳಿದ್ರೆ ಆಗ ಕಿವಿ ನಿಮಿರಬೇಕು.

ಇದಕ್ಕೆ ದೊಡ್ಡ ಉದಾಹರಣೆ 2005ರದ್ದು. 2002ರಿಂದ 2004ರ ಆಸುಪಾಸಲ್ಲಿ ಬಂದ ಎಷ್ಟೋ ಕ್ಯಾಮೆರಾಗಳು ಇದ್ದಕ್ಕಿದ್ದಂಗೆ ಕಪ್ಪು ಫೋಟೋ ಕೊಡೋಕೆ ಶುರು ಮಾಡಿದ್ವು, ಇಲ್ಲಾ ಚಿತ್ರ ಪೂರ್ತಿ ನೇರಳೆ ಬಣ್ಣಕ್ಕೆ ತಿರುಗಿ ಅಡ್ಡ ಗೆರೆ ಗೆರೆ ಬರೋದು. ಕ್ಯಾನನ್, ನಿಕಾನ್, ಫ್ಯೂಜಿ, ಕೋನಿಕಾ ಮಿನೋಲ್ಟಾ, ಸೋನಿ ಅಂತ ಬೇರೆ ಬೇರೆ ಹೆಸರಿನ ಡಬ್ಬಿ, ಆದ್ರೆ ಒಳಗಿದ್ದ ಸಿಸಿಡಿ ಅನ್ನೋ ತರದ ಸೆನ್ಸರ್ ಸೋನಿ ಮಾಡಿದ್ದು. ಶಾಖ ಮತ್ತು ತೇವ ಜಾಸ್ತಿ ಇರೋ ಕಡೆ ಸೆನ್ಸರ್ ಒಳಗಿನ ಕೂದಲಿನಷ್ಟು ತೆಳ್ಳನೆ ವೈರುಗಳ ಬೆಸುಗೆ ಬಿಟ್ಕೊಳ್ತಿತ್ತು. ಕೊನೆಗೆ ಕಂಪನಿಗಳು ಒಂದಾದ್ಮೇಲೊಂದು ಪ್ರಕಟಣೆ ಕೊಟ್ಟು ಬಿಟ್ಟಿಯಾಗಿ ಸರಿ ಮಾಡಿಕೊಟ್ವು, ಕ್ಯಾನನ್ ಪವರ್‌ಶಾಟ್ ಎ70, ಎ75, ಎ80 ಎಲ್ಲಾ ಆ ಪಟ್ಟೀಲಿ ಇದ್ವು. ಈಗ ಆ ಬಿಟ್ಟಿ ರಿಪೇರಿ ಕಾಲ ಮುಗಿದಿದೆ, ಅದಕ್ಕೆ ಆ ವರ್ಷಗಳ ಕ್ಯಾಮೆರಾ ಯಾರಾದ್ರೂ ಕೊಡ್ತೀನಿ ಅಂದ್ರೆ, ಅದೂ ಮಂಗಳೂರು ಉಡುಪಿ ಕಾರವಾರ ಕಡೆ ಇದ್ದಿದ್ದು ಅಂದ್ರೆ, ಕಣ್ಣೆದುರಿಗೆ ಆನ್ ಮಾಡಿ ಫೋಟೋ ತೆಗೆದು ನೋಡದೆ ದುಡ್ಡು ಕೊಡಬೇಡಿ. ಪರೀಕ್ಷೆ ಸುಲಭ: ಹಳೇ ಫೋಟೋ ಸ್ಕ್ರೀನಲ್ಲಿ ಸರಿಯಾಗಿ ಕಾಣ್ತಿದೆ, ಮೆನು ಸರಿಯಿದೆ, ಆದ್ರೆ ಎದುರಿನ ದೃಶ್ಯ ಮಾತ್ರ ಕಪ್ಪು ಅಂದ್ರೆ ಸ್ಕ್ರೀನ್ ಹೋಗಿಲ್ಲ, ಸೆನ್ಸರ್ರೋ, ಅದಕ್ಕೆ ಬೆಳಕು ಬಿಟ್ಟು ಮುಚ್ಚೋ ಶಟರ್ರೋ ಹೋಗಿದೆ ಅಂತ ಅರ್ಥ.

ಇಲ್ಲಿ ನಾನು ಹೇಳೋದೇನಂದ್ರೆ ಬ್ರ್ಯಾಂಡ್ ಹೆಸರು ನೋಡಿ ನಂಬಬೇಡಿ, ಲಕ್ಷಣ ನೋಡಿ. ದುಬಾರಿ ಕ್ಯಾಮೆರಾಗೂ ಅದರದ್ದೇ ಆದ ಒಂದು ಕಾಯಿಲೆ ಇರುತ್ತೆ. 2011ರ ಫ್ಯೂಜಿ ಎಕ್ಸ್100ಗೆ ಅಪರ್ಚರ್ (ಲೆನ್ಸ್ ಒಳಗೆ ಬೆಳಕು ಬರೋ ಕಿಂಡಿ) ಬ್ಲೇಡ್ ಅಂಟಿಕೊಳ್ಳೋ ತೊಂದರೆ ಇತ್ತು. ರಿಕೋ ಜಿಆರ್ ಇಟ್ಕೊಂಡವ್ರು ಅದರ ಚಿತ್ರದ ಗುಣಮಟ್ಟಕ್ಕೆ ಪ್ರಾಣ ಬಿಡ್ತಾರೆ, ಜೊತೆಗೆ ಸೆನ್ಸರ್ ಮೇಲೆ ಧೂಳು ಕೂರೋ ವಿಷಯಾನೂ ಹೇಳೇ ಹೇಳ್ತಾರೆ, ಯಾಕಂದ್ರೆ ಲೆನ್ಸ್ ಒಳಗೆ ಹೊರಗೆ ಹೋಗುವಾಗ ಗಾಳಿ ಜೊತೆ ಧೂಳೂ ಒಳಗೆ ಬರುತ್ತೆ, ಲೆನ್ಸ್ ಬಿಚ್ಚೋ ಹಂಗಿಲ್ಲದ ಕಾರಣ ಮನೇಲಿ ಒರೆಸೋಕೂ ಆಗಲ್ಲ.

ಹೆಜ್ಜೆ 2: ಮೆಗಾಪಿಕ್ಸೆಲ್ ಮರೆತು ಸೆನ್ಸರ್ ಎಷ್ಟು ದೊಡ್ಡದು ನೋಡಿ

ಇದನ್ನ ಬೇಗ ಮುಗಿಸ್ತೀನಿ. ಸಾಮಾನ್ಯ ಕಾಂಪ್ಯಾಕ್ಟ್‌ಗಳಲ್ಲಿ, ಅಂದ್ರೆ ಈ ಪುಟ್ಟ ಕ್ಯಾಮೆರಾಗಳಲ್ಲಿ, ಇರೋ 1/2.3 ಇಂಚ್ ಸೆನ್ಸರ್ (ಇಂಚು ಬರೀ ಹೆಸರಿಗೆ, ನಿಜವಾದ ಅಳತೆ ಅಲ್ಲ) ಅಂದ್ರೆ ಸುಮಾರು 6.2 ಮಿ.ಮೀ. ಅಗಲ, 4.6 ಮಿ.ಮೀ. ಎತ್ತರ, ಅಷ್ಟೇ. 2012ರಲ್ಲಿ ಬಂದ ಸೋನಿ ಆರ್‌ಎಕ್ಸ್100ರಲ್ಲಿ ಇರೋ 1 ಇಂಚ್ ಸೆನ್ಸರ್ 13.2 ಮಿ.ಮೀ. ಅಗಲ, 8.8 ಮಿ.ಮೀ. ಎತ್ತರ, ಅಂದ್ರೆ ವಿಸ್ತೀರ್ಣದಲ್ಲಿ ನಾಲ್ಕು ಪಟ್ಟು. ಕತ್ತಲಲ್ಲಿ ವ್ಯತ್ಯಾಸ ಕಾಣೋದು ಇದ್ರಿಂದ. ಸಣ್ಣ ಸೆನ್ಸರ್ ಮೇಲೆ ಮೆಗಾಪಿಕ್ಸೆಲ್ ತುಂಬಿಸ್ತಾ ಹೋದ್ರೆ ಕಾಳು ಕಾಳು ಜಾಸ್ತಿ ಆಗುತ್ತೆ, ಕ್ಯಾನನ್ನೇ 2008ರ ಪವರ್‌ಶಾಟ್ ಜಿ10ರಲ್ಲಿ 14.7 ಮೆಗಾಪಿಕ್ಸೆಲ್ ಕೊಟ್ಟು ಮಾರನೇ ವರ್ಷ ಜಿ11ರಲ್ಲಿ 10ಕ್ಕೆ ಇಳಿಸ್ತು.

ಹಗಲು ಬೆಳಕು, ಫ್ಲ್ಯಾಶ್ ಫೋಟೋ, ಹುಟ್ಟುಹಬ್ಬ, ಟ್ರಿಪ್ಪು ಇಷ್ಟಕ್ಕೇ ಆದ್ರೆ 7-8 ಮೆಗಾಪಿಕ್ಸೆಲ್‌ನ ಹಳೇ ಕ್ಯಾಮೆರಾ ಧಾರಾಳವಾಗಿ ಸಾಕು. ನನ್ನನ್ನ ಕೇಳಿದ್ರೆ 2007ರ ಪವರ್‌ಶಾಟ್ ಎ570 ಐಎಸ್ ತರದ್ದು ಬಹಳ ಒಳ್ಳೇ ಆಯ್ಕೆ: 7.1 ಮೆಗಾಪಿಕ್ಸೆಲ್, ಕೈ ನಡುಕ ತಡೆಯೋ ಐಎಸ್, ಶಟರ್ ಅಪರ್ಚರ್ ಎರಡನ್ನೂ ನಾವೇ ಇಟ್ಕೋಬಹುದು, ಎಲ್ಲಕ್ಕಿಂತ ಮುಖ್ಯ ಅಂಗಡೀಲಿ ಸಿಗೋ ಎರಡು ಎಎ ಸೆಲ್‌ನಲ್ಲಿ ಓಡುತ್ತೆ.

ಹೆಜ್ಜೆ 3: ಲೆನ್ಸ್. ಎಲ್ಲಾ ಜಗಳ ಇಲ್ಲೇ

ಕಾಂಪ್ಯಾಕ್ಟ್ ಕ್ಯಾಮೆರಾ ಸಾಯೋದು ಹೆಚ್ಚಾಗಿ ಲೆನ್ಸ್‌ನಿಂದ. ಒಂದರೊಳಗೊಂದು ಕೂರೋ ಎರಡು ಮೂರು ಕೊಳವೆ, ಅದನ್ನ ತಳ್ಳೋಕೆ ಒಂದು ಪುಟಾಣಿ ಮೋಟರು, ಪ್ಲಾಸ್ಟಿಕ್ ಗೇರುಗಳು, ಒಳಗೆ ಮಡಚಿಕೊಂಡು ಬಿಚ್ಚಿಕೊಳ್ಳೋ ತೆಳು ಫ್ಲೆಕ್ಸ್ ಕೇಬಲ್. ಲೆನ್ಸ್ ಬರಬೇಕಾದ ಜಾಗಕ್ಕೆ ಬಂತು ಅಂತ ಸಮಯಕ್ಕೆ ಸರಿಯಾಗಿ ಸಿಗ್ನಲ್ ಬರಲಿಲ್ಲ ಅಂದ್ರೆ ಕ್ಯಾಮೆರಾ ಕೆಲಸ ನಿಲ್ಲಿಸಿಬಿಡುತ್ತೆ. ಹಳೇ ಕ್ಯಾನನ್‌ಗಳಲ್ಲಿ ಇದು ಇ18 ಅಂತ ಬರ್ತಿತ್ತು, ಆಮೇಲಿನವುಗಳಲ್ಲಿ ಲೆನ್ಸ್ ಎರರ್, ಕ್ಯಾಮೆರಾ ರೀಸ್ಟಾರ್ಟ್ ಮಾಡಿ ಅಂತ ಬರುತ್ತೆ. ಬೇರೆ ಕಂಪನಿಗಳದ್ದೂ ಇದೇ ರೋಗ, ಮೆಸೇಜ್ ಮಾತ್ರ ಬೇರೆ.

ಹಾಗಾಗಿ ಕೈಗೆ ಬಂದ ತಕ್ಷಣ ಹೀಗೆ ಮಾಡಿ. ಮೊದ್ಲು ಸುಮ್ಮನೆ ಆನ್ ಆಫ್ ಮಾಡಿ, ಒಂದು ಸಲ ಅಲ್ಲ, ಹತ್ತು ಸಲ, ಆಮೇಲೆ ಕ್ಯಾಮೆರಾನ ಮೇಲ್ಮುಖ ಮಾಡಿ ಹಿಡಿದು ಮತ್ತೆ, ಕೆಳಮುಖ ಮಾಡಿ ಮತ್ತೆ, ಯಾಕಂದ್ರೆ ಸವೆದ ಗೇರು ನೇರ ಹಿಡಿದಾಗ ನಡೀತಾ ಇರುತ್ತೆ, ಮೇಲಕ್ಕೆ ತಳ್ಳಬೇಕಾದಾಗ ಮಾತ್ರ ತಡವರಿಸುತ್ತೆ. ಕಿವಿ ಹತ್ರ ಇಟ್ಟು ಕೇಳಿ: ಒಂದೇ ಸಮ ಸದ್ದು ಬರಬೇಕು, ಕರಕರ ಅಂದ್ರೆ ಮರಳು ಸೇರಿದೆ. ಜೂಮ್ ಪೂರ್ತಿ ಒಳಗೆ, ಪೂರ್ತಿ ಹೊರಗೆ ಮಾಡಿ. ಹೊರಗೆ ಬಂದ ಲೆನ್ಸನ್ನ ಎದುರಿಂದ ನೋಡಿ, ಕೊಳವೆ ಸುತ್ತ ಸಂದು ಎಲ್ಲಾ ಕಡೆ ಒಂದೇ ಅಗಲ ಇದೆಯಾ, ಒಂದು ಕಡೆ ವಾಲಿದ್ರೆ ಅದು ಯಾವತ್ತೋ ಬಿದ್ದಿದೆ. ಲೆನ್ಸ್ ಮುಚ್ಚೋ ಎರಡು ರೆಪ್ಪೆಗಳು ಪೂರ್ತಿ ತೆಗೆದು ಪೂರ್ತಿ ಮುಚ್ಚಬೇಕು, ಅರ್ಧ ಮುಚ್ಚೋದು ದೊಡ್ಡ ದೋಷ ಏನಲ್ಲ, ಆದ್ರೆ ಬೆಲೆ ಇಳಿಸಿ ಕೇಳೋಕೆ ಕಾರಣ ಆಗುತ್ತೆ.

ಇನ್ನು ಬೂಷ್ಟು. ಮಲೆನಾಡು ಕರಾವಳಿ ಕಡೆಯವರಿಗೆ ಇದನ್ನ ಹೇಳಿಕೊಡಬೇಕಾಗಿಲ್ಲ, ಆಷಾಢ ಶ್ರಾವಣದಲ್ಲಿ ಚಪ್ಪಲಿ ಬೆಲ್ಟಿಗೇ ಬರುತ್ತೆ, ಲೆನ್ಸ್ ಗ್ಲಾಸಿಗೆ ಬರಲ್ವಾ. ಕತ್ತಲೆ ಕೋಣೇಲಿ ಮೊಬೈಲ್ ಟಾರ್ಚನ್ನ ಲೆನ್ಸ್ ಮೇಲೆ ಓರೆಯಾಗಿ ಬಿಟ್ಟು ನೋಡಿ. ಜೇಡರ ಬಲೆ ತರ ಎಳೆ ಎಳೆ ಕಂಡ್ರೆ ಅದು ಫಂಗಸ್, ಒಳಗಿನ ಗ್ಲಾಸಿಗೆ ಬಂದಿದ್ರೆ ಬಿಟ್ಟುಬಿಡಿ. ಒಂದೆರಡು ಧೂಳಿನ ಕಣ ಇದ್ರೆ ಪರವಾಗಿಲ್ಲ.

ಹೆಜ್ಜೆ 4: ನಾಲ್ಕು ಫೋಟೋ ತೆಗೀರಿ, ಅಲ್ಲೇ ದೊಡ್ಡದು ಮಾಡಿ ನೋಡಿ

ನಿಮ್ಮ ಹತ್ರ ಒಂದು ಚಿಕ್ಕ ಕಾರ್ಡ್ ಇಟ್ಕೊಂಡು ಹೋಗಿ. ಗೋಡೆಗೆ ಅಂಟಿಸಿದ ನ್ಯೂಸ್‌ಪೇಪರನ್ನ ನೇರ ನಿಂತು ತೆಗೀರಿ, ನಾಲ್ಕು ಮೂಲೆ ಅಕ್ಷರ ಹೋಲಿಸಿ. ನಾಲ್ಕೂ ಸ್ವಲ್ಪ ಸ್ವಲ್ಪ ಮಸುಕಾಗಿದ್ರೆ ಅದು ಆ ಲೆನ್ಸಿನ ಗುಣ, ಒಂದೇ ಮೂಲೆ ಮಾತ್ರ ಪೂರ್ತಿ ಮಸುಕಾಗಿದ್ರೆ ಒಳಗೆ ಗ್ಲಾಸು ಜರುಗಿದೆ. ಎರಡನೇದು, ಪೂರ್ತಿ ಜೂಮ್ ಮಾಡಿ ಆಕಾಶನೋ ಬಿಳಿ ಗೋಡೆನೋ ತೆಗೀರಿ, ದುಂಡಗೆ ಕಪ್ಪು ಚುಕ್ಕೆ ಕಂಡ್ರೆ ಸೆನ್ಸರ್ ಮೇಲೆ ಧೂಳು. ಮೂರನೇದು ಮಧ್ಯಾಹ್ನದ ಬಿಸಿಲಲ್ಲಿ ಒಂದು: ಫೋಟೋ ಬೆಳ್ಳಗೆ ಸುಟ್ಟುಹೋದಂಗೆ, ಮೇಲಿಂದ ಕೆಳಗೆ ಬೆಳಕಿನ ಗೆರೆ ಎಳೆದಂಗೆ ಬಂದ್ರೆ ಶಟರ್ ಅಂಟಿಕೊಳ್ತಿದೆ. ಇದನ್ನ ಸುಮಾರು ಜನ ಮಿಸ್ ಮಾಡ್ತಾರೆ, ಯಾಕಂದ್ರೆ ಅಂಗಡಿ ಒಳಗೆ ಮಂದ ಬೆಳಕಲ್ಲಿ ಇದೇ ಕ್ಯಾಮೆರಾ ಚೆನ್ನಾಗೇ ಕಾಣಿಸುತ್ತೆ, ಅದಕ್ಕೆ ಬಿಸಿಲಿಗೆ ಬರಲೇಬೇಕು. ನಾಲ್ಕನೇದು ಫ್ಲ್ಯಾಶ್ ಫೋಟೋ, ಒಂದಾದ್ಮೇಲೊಂದು ಮೂರು ಹೊಡೀರಿ, ಪ್ರತಿ ಸಲ ಹೊಳೀಬೇಕು.

ಆನ್‌ಲೈನಲ್ಲಿ ತಗೊಳ್ಳೋದಾದ್ರೆ ಆ ಕ್ಯಾಮೆರಾದಲ್ಲೇ ತೆಗೆದ ಒರಿಜಿನಲ್ ಫೈಲ್ ಕೇಳಿ. ವಾಟ್ಸಾಪಲ್ಲಿ ಫೋಟೋ ಆಗಿ ಕಳಿಸಿದ್ರೆ ಅದು ಸೈಜ್ ಕಮ್ಮಿ ಮಾಡಿ, ಒಳಗಿರೋ ಕ್ಯಾಮೆರಾ ಮಾಹಿತಿನೂ ಅಳಿಸಿಬಿಡುತ್ತೆ, ಆದ್ರಿಂದ ಡಾಕ್ಯುಮೆಂಟ್ ಆಗಿ ಇಲ್ಲಾ ಇಮೇಲಲ್ಲಿ ಕಳಿಸೋಕೆ ಹೇಳಿ. ಜೊತೆಗೆ ಲೆನ್ಸ್ ಹೊರಗೆ ಬಂದು ಒಳಗೆ ಹೋಗೋದನ್ನ ಸದ್ದಿನ ಸಮೇತ ವಿಡಿಯೋ ಮಾಡಿ ಕಳಿಸಿ ಅಂತ ಕೇಳಿ. ಇಷ್ಟಕ್ಕೂ ಒಪ್ಪದವ್ರ ಹತ್ರ ವ್ಯವಹಾರ ಬೇಡ.

ಹೆಜ್ಜೆ 5: ಬ್ಯಾಟರಿ, ಕಾರ್ಡು

ಕ್ಯಾಮೆರಾ ಚೆನ್ನಾಗಿದ್ದು ಕಾರ್ಡೇ ಸಿಗದೆ ಡ್ರಾಯರ್ ಸೇರಿರೋದು ಎಷ್ಟೋ ಇದೆ. ಹಳೇ ಒಲಿಂಪಸ್, ಫ್ಯೂಜಿಗಳಲ್ಲಿ ಎಕ್ಸ್‌ಡಿ ಕಾರ್ಡು, ಹಳೇ ಸೋನಿಗಳಲ್ಲಿ ಮೆಮೊರಿ ಸ್ಟಿಕ್, ಇವನ್ನ ಈಗ ಹುಡುಕಿ ತರೋದು ತಲೆನೋವು, ಕ್ಯಾಮೆರಾ ಜೊತೆಗೇ ಕಾರ್ಡ್ ಕೊಟ್ರೆ ಮಾತ್ರ ತಗೊಳ್ಳಿ. ಎಸ್‌ಡಿ ಕಾರ್ಡ್ ಹಾಕೋದಾದ್ರೂ ಒಂದು ವಿಷಯ ಇದೆ: 2 ಜಿಬಿವರೆಗಿನದ್ದು ಬರೀ ಎಸ್‌ಡಿ, 4ರಿಂದ 32 ಜಿಬಿ ಎಸ್‌ಡಿಎಚ್‌ಸಿ, ಅದಕ್ಕಿಂತ ಮೇಲೆ ಎಸ್‌ಡಿಎಕ್ಸ್‌ಸಿ. ಎಸ್‌ಡಿಎಚ್‌ಸಿ ಬಂದಿದ್ದೇ 2006ರಲ್ಲಿ, ಅದಕ್ಕಿಂತ ಹಿಂದಿನ ಕ್ಯಾಮೆರಾಗೆ ಇವತ್ತಿನ 64 ಜಿಬಿ ಕಾರ್ಡ್ ಹಾಕಿ "ಕಾರ್ಡ್ ಎರರ್ ಬರ್ತಿದೆ, ಕ್ಯಾಮೆರಾ ಕೆಟ್ಟಿದೆ" ಅಂತ ಅರ್ಧ ಬೆಲೆಗೆ ಮಾರೋರೂ ಇದಾರೆ. 2 ಜಿಬಿ ಕಾರ್ಡ್ ಹಾಕಿ ನೋಡಿ, ಅಷ್ಟರಲ್ಲೇ ಸರಿಹೋಗಬಹುದು.

ಎಎ ಸೆಲ್ ಕ್ಯಾಮೆರಾಗೆ ಪೆಟ್ಟಿಗೆ ಅಂಗಡಿಯ ಮಾಮೂಲಿ ಸೆಲ್ ಹಾಕಿದ್ರೆ ಕೆಲವೇ ಫೋಟೋಗೆ ಸತ್ತುಹೋಗುತ್ತೆ, ಕ್ಯಾಮೆರಾ ಒಂದೇ ಸಲಕ್ಕೆ ಎಳೆಯೋ ಕರೆಂಟು ಅದಕ್ಕೆ ಕೊಡೋಕಾಗಲ್ಲ. ಚಾರ್ಜ್ ಮಾಡೋ ನಿಕಲ್ ಮೆಟಲ್ ಹೈಡ್ರೈಡ್ ಸೆಲ್ ಬೇಕು, ಎನೆಲೂಪ್ ತರದ್ದು, ಅದು 1.2 ವೋಲ್ಟೇ ಆದ್ರೂ ಕ್ಯಾಮೆರಾಗೆ ಇದೇ ಸರಿ, ಇಟ್ಟಲ್ಲೇ ಚಾರ್ಜ್ ಇಳಿದುಹೋಗೋದೂ ಕಮ್ಮಿ. ಇಂಥ ಕ್ಯಾಮೆರಾಗಳಲ್ಲಿ ಬ್ಯಾಟರಿ ಬಾಗಿಲಿನ ಪುಟ್ಟ ಕೊಂಡಿ ಮುರಿಯೋದು ಸಾಮಾನ್ಯ, ರಬ್ಬರ್ ಬ್ಯಾಂಡ್ ಹಾಕಿ ಓಡಿಸ್ತಿರೋರನ್ನ ನೋಡಿದೀನಿ, ತಗೊಳ್ಳುವಾಗ ಆ ಬಾಗಿಲನ್ನ ತೆಗೆದು ಹಾಕಿ ನೋಡಿ. ಒಳಗೆ ಸ್ಪ್ರಿಂಗ್ ಹತ್ರ ಬಿಳಿ ಹಸಿರು ಪುಡಿ ಇದ್ರೆ ಸೆಲ್ ಸೋರಿದೆ ಅಂತ.

ಲಿಥಿಯಂ ಬ್ಯಾಟರಿ ಆದ್ರೆ ಅದು ಉಬ್ಬಿದೆಯಾ ಮೊದ್ಲು ನೋಡಿ. ಉಬ್ಬಿ ಸಿಕ್ಕಾಕೊಂಡಿದ್ರೆ ಚಾಕು ಸ್ಕ್ರೂಡ್ರೈವರ್ ಹಾಕಿ ಮೀಟಬೇಡಿ, ಬೆಂಕಿ ಹತ್ಕೊಳ್ಳುತ್ತೆ. ಹೊಸ ಬ್ಯಾಟರಿ ತಗೊಳ್ಳುವಾಗ ಲೇಬಲ್ ಮೇಲಿನ ಎಂಎಎಚ್ (ಎಷ್ಟು ಚಾರ್ಜ್ ಹಿಡಿಯುತ್ತೆ ಅನ್ನೋ) ಅಂಕಿಗೆ ಮರುಳಾಗಬೇಡಿ. ಕ್ಯಾನನ್ ಎನ್‌ಬಿ-4ಎಲ್ ಒರಿಜಿನಲ್ 760 ಎಂಎಎಚ್, ಎನ್‌ಬಿ-5ಎಲ್ 1120, ಅದೇ ಅಳತೆಯ ಡೂಪ್ಲಿಕೇಟ್ ಮೇಲೆ ಅದರ ಎರಡರಷ್ಟು ಬರೆದಿದ್ರೆ ಅದು ಸುಳ್ಳು.

ಇನ್ನೊಂದು, ಆನ್ ಮಾಡಿದಾಗೆಲ್ಲ ತಾರೀಖು ಕೇಳ್ತಿದೆ ಅಂದ್ರೆ ಹೆದರಬೇಡಿ, ಒಳಗಿನ ಗಡಿಯಾರದ ಚಿಕ್ಕ ಸೆಲ್ ಹೋಗಿರುತ್ತೆ. ಕೆಲವು ಮಾಡೆಲ್‌ನಲ್ಲಿ ಅದನ್ನ ನಾವೇ ಬದಲಾಯಿಸಬಹುದು.

ಹೆಜ್ಜೆ 6: ಮಾರೋರ ಹತ್ರ ಕೇಳಬೇಕಾದ ಮಾತು

"ಕಂಡೀಷನ್ ಹೇಗಿದೆ" ಅಂತ ಕೇಳಿದ್ರೆ ಎಲ್ರೂ "ಸೂಪರ್ ಆಗಿದೆ ಸರ್" ಅಂತಾರೆ. ಅದರ ಬದ್ಲು ಬಾಯಿ ಬಿಡಿಸೋ ಪ್ರಶ್ನೆ ಕೇಳಿ. "ಅಣ್ಣಾ, ಕೊನೇ ಸಲ ಯಾವಾಗ ಯೂಸ್ ಮಾಡಿದ್ದು? ಬೀರೂಲಿ ಇಟ್ಟಿದ್ರಾ, ಕವರಲ್ಲಿ ಕಟ್ಟಿಟ್ಟಿದ್ರಾ? ಬೀಚಿಗೆ ತಗೊಂಡು ಹೋಗಿದ್ರಾ? ಲೆನ್ಸ್ ಯಾವತ್ತಾದ್ರೂ ಸಿಕ್ಕಾಕೊಂಡಿತ್ತಾ? ಎಲ್ಲಾದ್ರೂ ಬಿಚ್ಚಿಸಿದ್ರಾ?" ಮನೆಯವರೇ ಇಟ್ಕೊಂಡಿದ್ದ ಕ್ಯಾಮೆರಾ ಆದ್ರೆ ಖುಷಿಯಾಗಿ ಎಲ್ಲಾ ಹೇಳ್ತಾರೆ, ಯಾವ ಟ್ರಿಪ್ಪಿಗೆ ಹೋದಾಗ ಬಿತ್ತು ಅನ್ನೋದೂ ಸೇರಿ. ಸ್ಕ್ರೂಗಳ ತಲೆ ಒಮ್ಮೆ ನೋಡಿ, ಸವೆದಿದ್ರೆ, ಒಂದು ಸ್ಕ್ರೂ ಇಲ್ದೇ ಇದ್ರೆ, ಯಾರೋ ಬಿಚ್ಚಿದಾರೆ.

ವಾಟರ್‌ಪ್ರೂಫ್ ಕಾಂಪ್ಯಾಕ್ಟ್‌ಗಳ ಬಗ್ಗೆ ಒಂದು ಎಚ್ಚರ. ಒಲಿಂಪಸ್ ಟಫ್ ತರದವು ಹೊಸದ್ರಲ್ಲಿ ಗಟ್ಟಿ, ಆದ್ರೆ ನೀರು ತಡೆಯೋದು ಬಾಗಿಲಿನ ರಬ್ಬರ್ ಸೀಲು, ಅದರ ಮೇಲೆ ಒಂದು ಕೂದಲು ಕೂತ್ರೂ ನೀರು ಒಳಗೆ ಬರುತ್ತೆ, ವರ್ಷ ಕಳೆದಂತೆ ರಬ್ಬರ್ ಗಟ್ಟಿಯಾಗುತ್ತೆ. ಸೆಕೆಂಡ್ ಹ್ಯಾಂಡ್ ತಗೊಂಡಿದ್ದನ್ನ ಮಳೇಲಿ ಬಳಸಿ, ಆದ್ರೆ ಸೀಲ್ ಬದಲಾಯಿಸದೆ ನೀರೊಳಗೆ ಮುಳುಗಿಸಬೇಡಿ.

ಹೆಜ್ಜೆ 7: ತಗೊಂಡಾದ್ಮೇಲೆ ಇಟ್ಕೊಳ್ಳೋದು

ಲೆನ್ಸ್ ಹಾಳಾಗೋಕೆ ಬೀಳೋದೊಂದೇ ಕಾರಣ ಅಲ್ಲ, ಬ್ಯಾಗೊಳಗೆ ಆನ್ ಆಗೋದೂ ಒಂದು ಕಾರಣ. ಬಟನ್ ಒತ್ತಿಕೊಂಡು, ಬಿಗಿಯಾದ ಪೌಚ್ ಒಳಗೆ ಲೆನ್ಸ್ ಹೊರಗೆ ಬರೋಕೆ ಒದ್ದಾಡಿ ಗೇರು ಹಲ್ಲು ಹೋಗುತ್ತೆ. ಪವರ್ ಬಟನ್ ಉಬ್ಬಿಕೊಂಡಿರೋ ಮಾಡೆಲ್ ಆದ್ರೆ ಸ್ವಲ್ಪ ಸಡಿಲ ಆದ್ರೂ ಗಟ್ಟಿ ಗೋಡೆಯ ಪೌಚ್ ತಗೊಳ್ಳಿ, ಟ್ರಿಪ್ಪಿಗೆ ಹೋಗುವಾಗ ಬ್ಯಾಟರಿ ತೆಗೆದಿಟ್ರೆ ಇನ್ನೂ ಒಳ್ಳೇದು.

ಮಲ್ಪೆ, ಗೋಕರ್ಣ, ಮುರ್ಡೇಶ್ವರ ಬೀಚಲ್ಲಿ ಗಾಳಿ ಬೀಸುವಾಗ ಜೂಮ್ ಆಡಿಸಬೇಡಿ. ಬಂದ್ಮೇಲೆ ಲೆನ್ಸ್ ಹೊರಗಿರುವಾಗ್ಲೇ ಕೆಳಮುಖ ಮಾಡಿ ರಬ್ಬರ್ ಬ್ಲೋವರಿಂದ ಊದಿ ಆಮೇಲೆ ಆಫ್ ಮಾಡಿ, ಮರಳಿನ ಕಣ ಲೆನ್ಸ್ ಜೊತೆ ಒಳಗೆ ಹೋಗೋದನ್ನ ಇದು ತಡೆಯುತ್ತೆ. ಬಾಯಿಂದ ಊದಬೇಡಿ, ಎಂಜಲ ತೇವ ಹೋಗುತ್ತೆ.

ಮಳೆಗಾಲಕ್ಕೆ ಗಾಳಿ ಆಡದ ಪ್ಲಾಸ್ಟಿಕ್ ಡಬ್ಬಿ, ಒಳಗೆ ಬಣ್ಣ ಬದಲಾಗೋ ಸಿಲಿಕಾ ಜೆಲ್, ಜೊತೆಗೊಂದು ತೇವಾಂಶ ಮೀಟರ್, ಶೇ 40ರಿಂದ 50ರೊಳಗೆ ಇದ್ರೆ ಸಾಕು. ಅಕ್ಕಿ ಡಬ್ಬೀಲಿ ಹೂಳಬೇಡಿ, ಅಕ್ಕಿ ಹಿಟ್ಟಿನ ಧೂಳೇ ಲೆನ್ಸ್ ಸಂದಿಗೆ ಸೇರುತ್ತೆ. ಚರ್ಮದ ಕವರಲ್ಲಿ ಇಡಬೇಡಿ, ಬೂಷ್ಟಿಗೆ ಅದು ಇಷ್ಟದ ಜಾಗ. ಎಎ ಸೆಲ್ ಒಳಗೇ ಬಿಟ್ಟು ತಿಂಗಳುಗಟ್ಲೆ ಮರೀಬೇಡಿ. ತಿಂಗಳಿಗೊಮ್ಮೆ ಆಚೆ ತೆಗೆದು ಆನ್ ಮಾಡಿ, ಜೂಮ್ ಆಡಿಸಿ, ನಾಲ್ಕು ಫೋಟೋ, ಎರಡು ಫ್ಲ್ಯಾಶ್ ಹೊಡೀರಿ. ಸುಮ್ಮನೆ ಇಟ್ಟ ಕ್ಯಾಮೆರಾಗಿಂತ ಬಳಸ್ತಾ ಇರೋ ಕ್ಯಾಮೆರಾ ಜಾಸ್ತಿ ದಿನ ಬರುತ್ತೆ ಅನ್ನೋದು ನಾನು ನೋಡಿದ ಎಲ್ಲಾ ಮನೆಗಳ ಅನುಭವ.

ಹೆಜ್ಜೆ 8: ಲೆನ್ಸ್ ಎರರ್ ಬಂದೇ ಬಿಟ್ರೆ

ಮೊದ್ಲು ಫುಲ್ ಚಾರ್ಜ್ ಆದ ಬೇರೆ ಬ್ಯಾಟರಿ ಹಾಕಿ ನೋಡಿ, ಚಾರ್ಜ್ ಕಮ್ಮಿ ಇದ್ರೂ ಇದೇ ಎರರ್ ಬರುತ್ತೆ. ಆಮೇಲೆ ಕಾರ್ಡ್ ತೆಗೆದು ಫೋಟೋ ಎಲ್ಲಾ ಕಾಪಿ ಮಾಡ್ಕೊಳ್ಳಿ, ಲೆನ್ಸ್ ಹೋದ್ರೂ ಕಾರ್ಡಿಗೇನೂ ಆಗಿರಲ್ಲ. ಕೊಳವೆ ಸಂದಿಗೆ ಬ್ಲೋವರಿಂದ ಸುತ್ತಲೂ ಊದಿ, ತೆಳು ಕಾಗದದ ಅಂಚಿಂದ ಸಂದೀಲಿ ನಿಧಾನ ಒಂದು ಸುತ್ತು ಆಡಿಸಿ, ಒಂದು ಮರಳಿನ ಕಣ ಆಚೆ ಬಂದ್ರೆ ಎಷ್ಟೋ ಸಲ ಅಷ್ಟಕ್ಕೇ ಸರಿಹೋಗುತ್ತೆ. ಕೈಯಿಂದ ಎಳೆಯೋದು, ಟೇಬಲ್ಲಿಗೆ ಕುಟ್ಟೋದು ಬೇಡ.

ಅಷ್ಟಕ್ಕೂ ಆಗಲಿಲ್ಲ ಅಂದ್ರೆ ಯೂಟ್ಯೂಬ್ ನೋಡ್ಕೊಂಡು ಮನೇಲಿ ಬಿಚ್ಚೋಕೆ ಹೋಗಬೇಡಿ, ಇದನ್ನ ತುಂಬಾ ಗಟ್ಟಿಯಾಗಿ ಹೇಳ್ತೀನಿ. ಫ್ಲ್ಯಾಶ್‌ಗೆ ಅಂತ ಒಳಗೆ ಒಂದು ಕೆಪ್ಯಾಸಿಟರ್ ಇರುತ್ತೆ, ಅದು ಸುಮಾರು 300 ವೋಲ್ಟ್‌ವರೆಗೆ ಚಾರ್ಜ್ ಹಿಡಿದಿರುತ್ತೆ, ಬ್ಯಾಟರಿ ತೆಗೆದ್ಮೇಲೂ ಹಂಗೇ ಇರುತ್ತೆ, ಮುಟ್ಟಿದ್ರೆ ಕೈಗೆ ಜೋರಾಗಿ ಹೊಡೆಯುತ್ತೆ. ಕ್ಯಾಮೆರಾ ರಿಪೇರಿ ಗೊತ್ತಿರೋ ಅಂಗಡಿಗೇ ಕೊಡಿ, ಮೊಬೈಲ್ ರಿಪೇರಿಯವರಿಗೆ ಬೇಡ, ಬಿಚ್ಚೋ ಮುಂಚೆ ಖರ್ಚು ಎಷ್ಟು ಅಂತ ಕೇಳಿ ಬರೆಸಿಕೊಳ್ಳಿ. ಹಳೇ ಮಾಡೆಲ್‌ಗೆ ಹೊಸ ಲೆನ್ಸ್ ಯೂನಿಟ್ ಸಿಗೋದು ಕಷ್ಟ, ಕಂಪನಿಗಳೇ ಕೈ ಬಿಟ್ಟಿವೆ, ಕೊಡಾಕ್ 2012ರಲ್ಲಿ ಡಿಜಿಟಲ್ ಕ್ಯಾಮೆರಾ ನಿಲ್ಲಿಸ್ತು, ಕ್ಯಾಸಿಯೋ 2018ರಲ್ಲಿ ಕಾಂಪ್ಯಾಕ್ಟ್‌ನಿಂದ ಹೊರಗೆ ಬಂತು. ಈಗ ಕೊಡಾಕ್ ಹೆಸರಲ್ಲಿ ಬರ್ತಿರೋ ಪಿಕ್ಸ್‌ಪ್ರೋಗಳು ಹೆಸರಿನ ಲೈಸೆನ್ಸ್ ತಗೊಂಡು ಬೇರೆ ಕಂಪನಿ ಮಾಡೋದು, ಹಳೇ ಕೊಡಾಕ್ ಪಾರ್ಟ್ಸಿಗೂ ಅದಕ್ಕೂ ಸಂಬಂಧ ಇಲ್ಲ.

ಅದಕ್ಕೇ ನಿಮಗೆ ಒಂದು ಮಾಡೆಲ್ ನಿಜವಾಗ್ಲೂ ಇಷ್ಟ ಆಗಿದ್ರೆ, ಅದೇ ಮಾಡೆಲ್‌ನದ್ದು ಸ್ಕ್ರೀನ್ ಒಡೆದಿರೋದೋ ಬ್ಯಾಟರಿ ಬಾಗಿಲು ಮುರಿದಿರೋದೋ, ಲೆನ್ಸ್ ಮಾತ್ರ ಚೆನ್ನಾಗಿ ಓಡ್ತಿರೋದು ಇನ್ನೊಂದು ಕಮ್ಮಿ ಬೆಲೆಗೆ ಸಿಕ್ಕಾಗ ತೆಗೆದಿಟ್ಕೊಳ್ಳಿ. ನಾಳೆ ನಿಮ್ಮದ್ರ ಲೆನ್ಸ್ ಹೋದ್ರೆ ರಿಪೇರಿಯವರ ಕೈಗೆ ಎರಡನ್ನೂ ಕೊಡಿ, ಅದನ್ನ ಬಿಚ್ಚಿ ಇದಕ್ಕೆ ಹಾಕಿ ಕೊಡ್ತಾರೆ.